ಅಪ್ಪನ ಹಿಮ್ಮಡಿಯ ಕಪ್ಪು ಚುಕ್ಕೆ ಮತ್ತು ಬಲ್ಮಠದ ಸ್ಕಿನ್ ಕ್ಲಿನಿಕ್

ಅಪ್ಪನ ತೂಕ 104 ಕೆಜಿ, ಬಗ್ಗಿ ಪಾದ ನೋಡಿಕೊಳ್ಳಲು ಆಗುವುದಿಲ್ಲ. ಹಿಮ್ಮಡಿಯಲ್ಲಿ ಕಡಲೆಬೇಳೆಯಷ್ಟು ಕಪ್ಪು ಚುಕ್ಕೆ ಇರುವುದು ಗೊತ್ತಾಗಿದ್ದೇ ಅಮ್ಮ ಎಣ್ಣೆ ಹಚ್ಚುವಾಗ. ಮರುದಿನವೇ ಮಂಗಳೂರಿನ ಬಲ್ಮಠದ ಹತ್ತಿರ ಇರುವ ಈ ಸಣ್ಣ ಕ್ಲಿನಿಕ್‌ಗೆ ಹೋದೆವು. ಒಂದೂವರೆ ಗಂಟೆ ಕಾಯಿಸಿದರು, ಅದು ಜಾಸ್ತಿ ಆಯ್ತು.

ಆದರೆ ಡಾಕ್ಟರ್ ಡರ್ಮೋಸ್ಕೋಪ್ (ಚರ್ಮ ನೋಡುವ ಭೂತಗನ್ನಡಿ) ಹಿಡಿದು ಬೆರಳ ಸಂದಿ, ಉಗುರು, ಹೊಟ್ಟೆಯ ಮಡಿಕೆ, ಬೆನ್ನು ಎಲ್ಲ ನೋಡಿದರು, ತೂಕದ ಬಗ್ಗೆ ಒಮ್ಮೆಯೂ ಮೂಗು ಮುರಿಯಲಿಲ್ಲ. ನಮ್ಮಂಥ ಕಂದು ಮೈಯವರಿಗೆ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಬಂದರೆ ಪಾದ, ಅಂಗೈ, ಉಗುರಲ್ಲೇ ಜಾಸ್ತಿಯಂತೆ. ಅದು ಚರ್ಮದೊಳಗೆ ಎಷ್ಟು ಇಳಿದಿದೆ ಅಂತ ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ, ಅದಕ್ಕೆ ಬ್ರೆಸ್ಲೋ ದಪ್ಪ ಅಂತ ಹೆಸರು, 1 ಮಿ.ಮೀ. ಒಳಗೆ ಸಿಕ್ಕರೆ ಗುಣವಾಗುವ ಸಾಧ್ಯತೆ ತುಂಬಾ ಒಳ್ಳೆಯದು. ದಪ್ಪ ಮೈಯವರಲ್ಲಿ ಪತ್ತೆಯಾಗುವಾಗ ಅದು ಇನ್ನಷ್ಟು ಆಳಕ್ಕೆ ಹೋಗಿರುತ್ತದೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ಕಣ್ಣಿಗೆ ಬೀಳದ ಜಾಗವೂ ಜಾಸ್ತಿ ಅಲ್ವಾ? ಹಾಗಂತ ಡಾಕ್ಟರ್ ಹೆದರಿಸಲಿಲ್ಲ. ಹರಡಿದ ಮೆಲನೋಮಕ್ಕೆ ಹೊಸ ಔಷಧಿ ಪಡೆದ ಸ್ಥೂಲಕಾಯದ ಗಂಡಸರೇ ಹೆಚ್ಚು ಕಾಲ ಬದುಕಿದ್ದನ್ನು 2018ರ ಅಧ್ಯಯನವೊಂದು ಕಂಡಿದೆ ಅಂದರು.

ಬಯಾಪ್ಸಿಯಲ್ಲಿ ಬಂದದ್ದು ಸಾದಾ ಮಚ್ಚೆ. ಈಗ ಪ್ರತಿ ಭಾನುವಾರ ಅಮ್ಮ ಟಾರ್ಚ್ ಹಿಡಿದು ಅಪ್ಪನ ಪಾದ ನೋಡುತ್ತಾರೆ.