ಹಳೆಯ ಹೆಂಚೋ, ಟೆಟ್ರಾಪ್ಯಾಕ್ ಶೀಟೋ?

ಸಾಗರದ ಕಡೆಯ ನಮ್ಮ ಮನೆಯ ಜಗಲಿಗೆ, ಕೆಡವಿದ ಮನೆಯೊಂದರಿಂದ ತಂದ ಮಂಗಳೂರು ಹೆಂಚನ್ನು ಹೊದಿಸಿದ್ದೇವೆ. ಹಿಂದಿನ ಸೌದೆಮನೆಗೆ, ಹಾಲು ಮತ್ತು ಹಣ್ಣಿನ ರಸದ ಖಾಲಿ ಟೆಟ್ರಾಪ್ಯಾಕ್‌ಗಳನ್ನು ಚೂರು ಮಾಡಿ ಬಿಸಿಯಲ್ಲಿ ಒತ್ತಿ ತಯಾರಿಸಿದ ಶೀಟನ್ನು ಹಾಕಿಸಿದ್ದೇವೆ. ಎರಡೂ ಮಲೆನಾಡಿನ ಮಳೆಯನ್ನು ಕಂಡಿರುವುದರಿಂದ ಇವುಗಳ ಗುಣದೋಷಗಳನ್ನು ಬರೆಯಬಹುದು ಎನಿಸಿತು.

ಹೆಂಚಿನ ಮನೆಗಳು ತಾರಸಿಗೆ ತಿರುಗುತ್ತಿರುವುದರಿಂದ ಹಳೆಯ ಹೆಂಚು ಸಿಗುವುದು ಕಷ್ಟವಲ್ಲ, ಕಷ್ಟವಿರುವುದು ಆರಿಸುವುದರಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಂಚಿನ ಮೇಲೆ 1865 ಎಂಬ ಅಚ್ಚು ಕಂಡೊಡನೆ ಕೆಲವರು ಹೆಚ್ಚು ಬೆಲೆ ಹೇಳುತ್ತಾರೆ. ಅದು ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಆ ಹೆಂಚು ಸುಟ್ಟ ವರ್ಷವಲ್ಲ. ನೋಡಬೇಕಾದದ್ದು ಅಂಚಿನ ಏಣು ಮತ್ತು ಹಿಂಬದಿಯ ಗುಬುಟು ಮುಕ್ಕಾಗದೆ ಉಳಿದಿವೆಯೇ ಎಂಬುದನ್ನು. ಹೆಂಚನ್ನು ಒಂದು ಕೈಯಲ್ಲಿ ತೂಗುಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹೆಂಚು ಠಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಸೀಳಿದ್ದರೆ ಬೊದ್ದು ಸದ್ದು ಬರುತ್ತದೆ. ಬೇರೆ ಬೇರೆ ಕಾರ್ಖಾನೆಗಳ ಹೆಂಚುಗಳು ನೋಡಲು ಒಂದೇ ಥರವಿದ್ದರೂ ಒಂದರ ಏಣು ಇನ್ನೊಂದರ ತೋಡಿನಲ್ಲಿ ಸರಿಯಾಗಿ ಕೂರುವುದಿಲ್ಲವಾದ್ದರಿಂದ, ಮಾಡಿನ ಒಂದು ಇಳಿಜಾರಿಗೆ ಒಂದೇ ಅಚ್ಚಿನವನ್ನು ಹೊದಿಸಿ ಉಳಿದವನ್ನು ಇನ್ನೊಂದು ಬದಿಗೆ ಇಡುವುದು ಲೇಸು.

ಹೆಂಚಿನ ನಿಜವಾದ ಖರ್ಚು ಅದರ ಕೆಳಗಿನ ನಾಟಾದಲ್ಲಿದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಒಂದೊಂದೂ ಎರಡು, ಎರಡೂವರೆ ಕಿಲೋ ತೂಗುತ್ತದೆ, ಮಳೆಯಲ್ಲಿ ನೀರು ಹೀರಿದರೆ ಇನ್ನೂ ಹೆಚ್ಚು. ಆದ್ದರಿಂದ ಹೆಂಚನ್ನು ಹೊರುವ ಪಕಾಸಿ, ಅದರ ಮೇಲಿನ ಅಡ್ಡಪಟ್ಟಿಗಳಾದ ರೀಪುಗಳು ಬಲವಾಗಿರಬೇಕು, ಮಾಡೂ ಸಾಕಷ್ಟು ಕಡಿದಾಗಿರಬೇಕು. ಶೀಟು ಹಗುರ, ಕಡಿಮೆ ಇಳಿಜಾರಿನಲ್ಲೂ ನಡೆಯುತ್ತದೆ, ಬಡಗಿಯ ಕೆಲಸ ಬೇಗ ಮುಗಿಯುತ್ತದೆ.

ಮಂಗಗಳ ವಿಷಯದಲ್ಲಂತೂ ಶೀಟೇ ಗೆದ್ದಿತು. ಅವು ಹಾರಿದಾಗ ಒಡೆದ ಹೆಂಚು ಬದಲಿಸುವುದು ನಮ್ಮಲ್ಲಿ ವರ್ಷವಿಡೀ ಮುಗಿಯದ ಕೆಲಸ. ಮಳೆಯ ಸದ್ದು ಸಹ ತಗಡಿನಷ್ಟು ಕಿವಿಗೆ ಬಡಿಯುವುದಿಲ್ಲ. ಆದರೆ ಈ ಶೀಟಿನ ಚೂರುಗಳನ್ನು ಹಿಡಿದಿಡುವುದು ಪೊಟ್ಟಣದೊಳಗಿನ ಪಾಲಿಥೀನ್ ಪದರವೇ ಆದ್ದರಿಂದ ಬೇಸಿಗೆಯ ಬಿಸಿಲಿಗೆ ಅದು ಮೆದುವಾಗುತ್ತದೆ. ಆಧಾರದ ಪಟ್ಟಿಗಳು ದೂರ ದೂರವಿದ್ದ ಕಡೆ ಶೀಟು ಬಾಗಿದ್ದು ಸ್ಪಷ್ಟವಾಗಿ ಕಾಣುತ್ತದೆ. ಕತ್ತರಿಸಿದ ಅಂಚಿನಲ್ಲಿ ಕಾಗದದ ನಾರು ತೇವ ಹೀರಿ ಉಬ್ಬಿದೆ. ಬೆಂಕಿಗೆ ಹತ್ತುವ ವಸ್ತುವಾದ್ದರಿಂದ ಬಚ್ಚಲ ಒಲೆಯ ಮೇಲೆ ನಾನಂತೂ ಹಾಕಿಸಲಾರೆ.

ಸೆಖೆಯ ಮಧ್ಯಾಹ್ನ ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುವುದು ಜಗಲಿಯಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಡೆದ ಒಂದು ಹೆಂಚಿಗೆ ಒಂದೇ ಹೆಂಚು ಸಾಕು. ಶೀಟು ಕೆಟ್ಟರೆ ಇಡೀ ಶೀಟನ್ನೇ ಇಳಿಸಬೇಕು. ಈ ಕಾರಣಕ್ಕೆ, ಜನ ಕೂರುವ ಕಡೆಗೆ ಹಳೆಯ ಹೆಂಚನ್ನೂ ಸೌದೆ, ಗೊಬ್ಬರದ ಚೀಲ ಇಡುವ ಕಡೆಗೆ ಶೀಟನ್ನೂ ನಾನು ಆರಿಸುತ್ತೇನೆ.

ಏಣು ಮುಕ್ಕಾಗಿ ಮಾಡಿಗೆ ಬಾರದ ಹೆಂಚುಗಳನ್ನು ಎಸೆಯಬೇಕಿಲ್ಲ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ರೂಢಿಗೆ ತಂದ ಫಿಲ್ಲರ್ ಸ್ಲ್ಯಾಬ್ ಎಂಬ ಕಾಂಕ್ರೀಟ್ ತಾರಸಿಯಲ್ಲಿ, ಕಬ್ಬಿಣದ ಸರಳುಗಳ ನಡುವೆ ಹೆಂಚನ್ನಿಟ್ಟು ಅಷ್ಟು ಜಾಗದ ಕಾಂಕ್ರೀಟನ್ನು ಉಳಿಸುತ್ತಾರೆ. ನಮ್ಮ ಪಂಪ್‌ಸೆಟ್ ಕೋಣೆಗೆ ಅದನ್ನೇ ಮಾಡಿಸುವವರಿದ್ದೇವೆ.