ಸ್ಟೇಜ್ 1 ಟ್ಯೂನ್ ಮಾಡಿದ ಪೋಲೊ ಟಿಎಸ್‌ಐಗೆ ಇ20 ಪೆಟ್ರೋಲ್: ಬದಿಯಡ್ಕದಿಂದ ಬಳಕೆಯ ಅನುಭವ

ಗಾಡಿ 2021ರ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ, ಟರ್ಬೊ ಪೆಟ್ರೋಲ್ ಇಂಜಿನ್, ಮ್ಯಾನುಯಲ್ ಗೇರ್. ಷೋರೂಮಿನಿಂದ ಬಂದಾಗ 110 ಪಿಎಸ್ ಪವರ್, 175 ನ್ಯೂಟನ್ ಮೀಟರ್ ಟಾರ್ಕ್. ಆಮೇಲೆ ಸ್ಟೇಜ್ 1 ರೀಮ್ಯಾಪ್ ಮಾಡಿಸಿದೆ. ಬಿಡಿಭಾಗ ಯಾವುದೂ ಬದಲಾಗಿಲ್ಲ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸಾಫ್ಟ್‌ವೇರ್ ಮಾತ್ರ ಬೇರೆ. ಮನೆ ಕೇರಳದ ಗಡಿಭಾಗದ ಬದಿಯಡ್ಕದ ಹತ್ತಿರ. ಓಡಾಟ ಕಾಸರಗೋಡಿಗೆ, ಪುತ್ತೂರಿಗೆ, ಆಗೊಮ್ಮೆ ಈಗೊಮ್ಮೆ ಸುಳ್ಯ ದಾಟಿ ಮಡಿಕೇರಿಗೆ. ಟ್ಯೂನ್ ಮಾಡಿಸುವಾಗ ಬಂಕುಗಳಲ್ಲಿ ಇ10 (ನೂರಕ್ಕೆ 10 ಪಾಲು ಎಥನಾಲ್ ಬೆರೆತ ಪೆಟ್ರೋಲ್) ಇತ್ತು, ಈಗ ಎಲ್ಲ ಕಡೆ ಇ20, ಅಂದರೆ 20 ಪಾಲು. ಎರಡರಲ್ಲೂ ಸಾಕಷ್ಟು ಓಡಿಸಿದ್ದೇನೆ, ಇಸಿಯು ಕೊಡುವ ಅಂಕಿಗಳ ಲಾಗ್ ತೆಗೆದು ನೋಡಿದ್ದೇನೆ.

ಗೆಳೆಯರೆಲ್ಲ ಕೇಳುವುದು ಎರಡೇ ಪ್ರಶ್ನೆ. "ಮೈಲೇಜ್ ಎಷ್ಟು ಹೋಯ್ತು?" "ಇಂಜಿನ್ ಹಾಳಾಗ್ತದಾ ಮಾರಾಯಾ?" ಟರ್ಬೊ ಗಾಡಿ ಟ್ಯೂನ್ ಮಾಡಿಸಿದವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಟ್ಯಾಂಕಿಗೆ ಬಿದ್ದ ಪೆಟ್ರೋಲಿನಲ್ಲಿ ನಿಜವಾಗಿ ಎಷ್ಟು ಎಥನಾಲ್ ಇದೆ, ಅದು ಪ್ರತಿ ಸಲ ಒಂದೇ ತರಹ ಇರುತ್ತದಾ? ಎಥನಾಲ್ ನಮಗೆ ಲಾಭವನ್ನೇ ಕೊಡುತ್ತದೆ. ಆದರೆ ಆ ಲಾಭ ಸದಾ ಇರುತ್ತದೆ ಅಂತ ನಂಬಿ ಮ್ಯಾಪನ್ನು, ಅಂದರೆ ಇಸಿಯುಗೆ ಕೊಟ್ಟ ಲೆಕ್ಕಪಟ್ಟಿಯನ್ನು, ಅಂಚಿಗೆ ತಂದು ನಿಲ್ಲಿಸಬಾರದು. ನಮ್ಮ ಕಡೆಯ ಮಳೆಗಾಲದಲ್ಲಂತೂ ಖಂಡಿತ ಬೇಡ.

ಲಾಭ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಟರ್ಬೊ ಗಾಳಿಯನ್ನು ಒತ್ತಿ ತುಂಬಿಸುತ್ತದೆ, ಆ ಒತ್ತಡವೇ ಬೂಸ್ಟ್. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸಿಲಿಂಡರಿನೊಳಗೆ ಬಿಸಿ, ಒತ್ತಡ ಎರಡೂ ಮಿತಿ ಮೀರಿದರೆ ಪ್ಲಗ್ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ನಾಕ್ ಸೆನ್ಸರಿಗೆ ಇದು ಗೊತ್ತಾದ ಕೂಡಲೇ ಇಸಿಯು ಕಿಡಿಯನ್ನು ತಡ ಮಾಡುತ್ತದೆ. ಇದಕ್ಕೆ ಟೈಮಿಂಗ್ ರಿಟಾರ್ಡ್ ಅನ್ನುತ್ತಾರೆ. ಇಂಜಿನ್ ಉಳಿಯುತ್ತದೆ, ಆದರೆ ದುಡ್ಡು ಕೊಟ್ಟು ಹಾಕಿಸಿಕೊಂಡ ಪವರ್ ಅಲ್ಲೇ ಸೋರಿಹೋಗುತ್ತದೆ.

ಎಥನಾಲ್ ಇದನ್ನು ಎರಡು ರೀತಿಯಲ್ಲಿ ತಡೆಯುತ್ತದೆ. ಒಂದು, ಅದರ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ, ಸುಮಾರು 108. ನಮ್ಮ ಸಾಮಾನ್ಯ ಇ10 ಪೆಟ್ರೋಲ್ 91 ಆಕ್ಟೇನ್ ಆಗಿತ್ತು, ಇ20 ಈಗ 95. ಎರಡು, ಆವಿಯಾಗುವಾಗ ಎಥನಾಲ್ ಎಳೆದುಕೊಳ್ಳುವ ಬಿಸಿ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ. ಇಂಜೆಕ್ಷನ್ ಕೊಡುವ ಮೊದಲು ಕೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ವಾ, ಸಿಲಿಂಡರಿನೊಳಗೂ ಅದೇ ಆಗುವುದು. ಟಿಎಸ್‌ಐಯಲ್ಲಿ ಇಂಧನ ನೇರವಾಗಿ ಸಿಲಿಂಡರಿಗೇ ಚಿಮ್ಮುವುದರಿಂದ ಈ ತಂಪು ಬೇರೆಲ್ಲೂ ಹೋಗದೆ ಬೇಕಾದ ಜಾಗಕ್ಕೇ ಸಿಗುತ್ತದೆ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಗಾಡಿ ಓಡಿಸುವವರಿಗೆ ಇದು ಸಣ್ಣ ವಿಷಯ ಅಲ್ಲ. ಈ ಇಂಜಿನ್ನಿನ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ, ತಂಪು ಮಾಡುವುದು ನೀರು. ಕುಂಬಳೆ, ಉಪ್ಪಳದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋದರೆ ಆ ನೀರೂ ಬಿಸಿಯಾಗುತ್ತದೆ. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಮೊದಲ ಕೆಲವು ಎಳೆತ ಸಪ್ಪೆ.

ಲಾಗಿನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ಇದೆ. ಸಂಪಾಜೆ ಘಾಟಿಯ ಚಡಾವಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ, ಬೇಸಿಗೆಯಲ್ಲಿ, ಇ10 ಇದ್ದಾಗ ಮೂರೂ ಸಿಲಿಂಡರುಗಳಲ್ಲಿ ರಿಟಾರ್ಡ್ 4 ಡಿಗ್ರಿಯ ಆಸುಪಾಸು ಬರುತ್ತಿತ್ತು. ಅದೇ ಮ್ಯಾಪ್, ಅದೇ ದಾರಿ, ಅಷ್ಟೇ ಸೆಕೆ, ಒಳ್ಳೆಯ ಇ20 ಹಾಕಿದಾಗ 1 ಡಿಗ್ರಿಯ ಹತ್ತಿರಕ್ಕೆ ಇಳಿಯಿತು. ಗಾಡಿ ಎಳೆಯುವ ರೀತಿಯಲ್ಲೂ ಗೊತ್ತಾಗುತ್ತದೆ. 4000 ಆರ್‌ಪಿಎಂ ದಾಟಿದ ಮೇಲೆ ಮೊದಲು ಬರುತ್ತಿದ್ದ ಸುಸ್ತು ಈಗ ಇಲ್ಲ.

ಇದೇ ಇಂಜಿನ್ ವಂಶದ ಗಾಡಿ ಬ್ರೆಜಿಲ್‌ನಲ್ಲಿ ಪೋಲೊ 200 ಟಿಎಸ್‌ಐ ಅಂತ ಬಂತು. ಅದು ಫ್ಲೆಕ್ಸ್ ಇಂಧನದ್ದು, ಪೆಟ್ರೋಲ್, ಎಥನಾಲ್ ಎರಡರಲ್ಲೂ ಓಡುವಂಥದ್ದು. ಕಂಪನಿ ಕೊಟ್ಟ ಲೆಕ್ಕದಲ್ಲೇ ಪೆಟ್ರೋಲಿನಲ್ಲಿ 116 ಅಶ್ವಶಕ್ತಿ, ಎಥನಾಲಿನಲ್ಲಿ 128. ಎಥನಾಲಿಗೆ ಎಷ್ಟು ತಾಕತ್ತಿದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾರೂ ತೋರಿಸಲಾರರು. ಹಾಗಂತ ನಮ್ಮ ಗಾಡಿಗೂ ಸುರಿಯಬಹುದು ಅಂದುಕೊಳ್ಳಬೇಡಿ. ಅದನ್ನು ಮೊದಲಿನಿಂದಲೇ ಎಥನಾಲಿಗೆಂದು ತಯಾರು ಮಾಡಿದ್ದಾರೆ.

ಇ100 (ಬಹುಪಾಲು ಎಥನಾಲೇ ಇರುವ ಇಂಧನ) ತಂದು ಬೆರೆಸಿ ಇ40 ಮಾಡಿಕೊಂಡರೆ ಹೇಗೆ ಅಂತ ಟ್ಯೂನ್ ಮಾಡಿಸಿದ ಹುಡುಗರು ಕೇಳುತ್ತಿರುತ್ತಾರೆ. ಇಂಡಿಯನ್ ಆಯಿಲ್ 2024ರ ಮಾರ್ಚ್‌ನಲ್ಲಿ ಇ100 ಬಿಡುಗಡೆ ಮಾಡಿದಾಗ ಪಟ್ಟಿಯಲ್ಲಿ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರ ಇದ್ದವು, ಕೇರಳ ಇರಲಿಲ್ಲ. ಆದ್ದರಿಂದ ಆಸೆ ಹುಟ್ಟುವುದು ಗಡಿಯಾಚೆ ನೋಡಿಯೇ. ನನ್ನ ಉತ್ತರ ಬೇಡ ಅಂತಲೇ. ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಎಥನಾಲನ್ನು ತುಂಬಾ ಜಾಸ್ತಿ ಚಿಮ್ಮಿಸಬೇಕು. ಇ10ರಿಂದ ಇ20ಗೆ ಬಂದಾಗ ನನ್ನ ಗಾಡಿಯ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ತಾನಾಗಿ ಮಾಡಿಕೊಳ್ಳುವ ಇಂಧನದ ತಿದ್ದುಪಡಿ) 4 ಶೇಕಡಾ ಆಸುಪಾಸು ಮೇಲೆ ಹೋಯಿತು, ಲೆಕ್ಕಕ್ಕೂ ಅದು ಸರಿ. ಇಸಿಯುಗೆ ಅಷ್ಟು ಸರಿದೂಗಿಸುವುದು ಸುಲಭ. ಇ40 ಅಂದರೆ ಅದು 15ರ ಹತ್ತಿರ ಹೋಗುತ್ತದೆ. ಟ್ಯೂನ್‌ನಿಂದ ಬೂಸ್ಟ್ ಬೇರೆ ಜಾಸ್ತಿ ಆಗಿರುತ್ತದೆ. ಪೂರ್ತಿ ಒತ್ತಿದಾಗ ಹೈ ಪ್ರೆಷರ್ ಪಂಪ್ ಸಾಕಾಗದಿದ್ದರೆ ಮಿಶ್ರಣ ತೆಳ್ಳಗಾಗಿ ಪಿಸ್ಟನ್ನಿಗೇ ಪೆಟ್ಟು. ಇಂಡಸ್ಟ್ರಿಯಲ್ ಸ್ಪಿರಿಟ್ ತಂದು ಬೆರೆಸುವ ಮಾತಂತೂ ಆಡಲೇಬೇಡಿ. ಲೈಸೆನ್ಸ್ ಇಲ್ಲದೆ ಸ್ಪಿರಿಟ್ ಇಟ್ಟುಕೊಂಡರೆ ಅಬಕಾರಿ ಕೇಸು, ಅದನ್ನು ಹಿಡಿದುಕೊಂಡು ಚೆಕ್‌ಪೋಸ್ಟ್ ದಾಟಿದರೆ ಇನ್ನೂ ದೊಡ್ಡ ಕೇಸು.

ಮಳೆಗಾಲದ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಬರಹದ ಮುಖ್ಯ ಭಾಗ ಇದು.

ಎಥನಾಲಿಗೆ ನೀರು ಅಂದರೆ ಬಲು ಇಷ್ಟ. ಸ್ವಲ್ಪ ನೀರು ಸೇರಿದರೆ ತನ್ನೊಳಗೆ ಕರಗಿಸಿಕೊಂಡು ಸುಮ್ಮನಿರುತ್ತದೆ. ಮಿತಿ ದಾಟಿದರೆ ನೀರಿನ ಜೊತೆ ಸೇರಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ. ಗಾಡಿಯ ಪಂಪ್ ಎಳೆಯುವುದು ಟ್ಯಾಂಕಿನ ತಳದಿಂದ. ಮೊದಲು ಇಂಜಿನ್ನಿಗೆ ಹೋಗುವುದು ಆ ನೀರು ಬೆರೆತ ಪದರ, ಗಾಡಿ ಜರ್ಕ್ ಹೊಡೆಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಟ್ಯೂನ್ ಮಾಡಿದವರಿಗೆ ಅಪಾಯ ಇರುವುದು ಮೇಲೆ ಉಳಿದ ಪೆಟ್ರೋಲಿನಲ್ಲಿ. ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಕೊಟ್ಟ ವಿವರಣೆಯ ಪ್ರಕಾರ ಎಥನಾಲಿನ ಆಕ್ಟೇನ್ 108.5, ಅದನ್ನು ಬೆರೆಸುವ ಪೆಟ್ರೋಲಿನದ್ದು 84.4. ಅಂದರೆ 95 ಅಂತ ನಾವು ಖುಷಿಪಡುವ ಆಕ್ಟೇನ್ ಬಂದಿರುವುದೇ ಎಥನಾಲಿನಿಂದ. ಅದು ತಳಕ್ಕೆ ಹೋದರೆ ಮೇಲೆ ಉಳಿಯುವುದು ಹಳೆಯ 91 ಕೂಡ ಅಲ್ಲ, ಅದಕ್ಕಿಂತ ಕೆಳಗಿನದ್ದು. ಅದರ ಮೇಲೆ 95ಕ್ಕೆ ಅಂತ ಬರೆದ ಮ್ಯಾಪ್ ಮತ್ತು ಟರ್ಬೊ ಬೂಸ್ಟ್!

ಗಾಳಿಯ ತೇವದಿಂದಲೇ ಹೀಗಾಗುತ್ತದೆ ಅಂತ ಹೆದರಬೇಕಿಲ್ಲ. ಈಗಿನ ಗಾಡಿಗಳ ಟ್ಯಾಂಕ್ ಗಟ್ಟಿಯಾಗಿ ಮುಚ್ಚಿರುತ್ತದೆ, ವಾರ ವಾರ ತುಂಬಿಸಿ ಓಡಿಸುವವರಿಗೆ ಏನೂ ಆಗದು. ತೊಂದರೆ ಬರುವುದು ಬಂಕಿನ ನೆಲದಡಿಯ ಟ್ಯಾಂಕಿಗೆ ನೀರು ಇಳಿದಾಗ. ಜೂನ್ ಜುಲೈಯಲ್ಲಿ ನಮ್ಮಲ್ಲಿ ಹೊಯ್ಯುವ ಮಳೆ ನಿಮಗೆ ಗೊತ್ತೇ ಇದೆ. ಅಂಥ ಒಂದು ಜಡಿಮಳೆಯ ಮಾರನೇ ದಿನ ಒಂದು ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನಿಂದ ನನ್ನ ಗಾಡಿಯ ರಿಟಾರ್ಡ್ ಸಾಧಾರಣ ಚಡಾವಿನಲ್ಲೇ 6 ಡಿಗ್ರಿ ದಾಟಿತು. ಮಳೆಗಾಲದ ತಂಪಿನಲ್ಲಿ ಅಷ್ಟು ಬರಲು ಕಾರಣವೇ ಇರಲಿಲ್ಲ. ಬಾಟಲಿಗೆ ಇಳಿಸಿ ನೋಡಿದರೆ ಪೆಟ್ರೋಲ್ ಮಬ್ಬು ಮಬ್ಬಾಗಿತ್ತು. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ ಬೇರೆ ಕಡೆ ತುಂಬಿಸಿದ ಮೇಲೆ ಸರಿಹೋಯಿತು.

ಎಥನಾಲ್ ಪ್ರಮಾಣ ನೋಡಲು ಮನೆಯಲ್ಲೇ ಒಂದು ಸುಲಭ ದಾರಿ ಇದೆ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಮುಚ್ಚಳ ಇರುವ 100 ಮಿಲಿ ಗಾಜಿನ ಅಳತೆ ಸಿಲಿಂಡರ್ ಸಿಗುತ್ತದೆ. 10 ಮಿಲಿ ನೀರು ಹಾಕಿ, 100ರ ಗೆರೆಯವರೆಗೆ ಪೆಟ್ರೋಲ್ ತುಂಬಿಸಿ. ಮುಚ್ಚಿ ಅಲುಗಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ನೀರಿಗೆ ಸೇರಿ ಕೆಳಗಿನ ಪದರ ಏರುತ್ತದೆ. ಅದು 28ರ ಹತ್ತಿರ ನಿಂತರೆ 90 ಮಿಲಿ ಪೆಟ್ರೋಲಿನಲ್ಲಿ 18 ಮಿಲಿ ಎಥನಾಲ್ ಇತ್ತು ಅಂತ, ಅಂದರೆ 20 ಶೇಕಡಾ. ಒಂದೆರಡು ಶೇಕಡಾ ಆಚೀಚೆ ಆಗಬಹುದು, ನಮ್ಮ ಕೆಲಸಕ್ಕೆ ಸಾಕು. ಅಂಗಳದಲ್ಲಿ, ಒಲೆಯಿಂದ ದೂರ ಮಾಡಿ. ನನಗೆ ಹೆಚ್ಚಾಗಿ 18ರಿಂದ 21ರ ನಡುವೆ ಬಂದಿದೆ. ಗಡಿಯ ಈಚೆ ಆಚೆ ಅಂತ ವ್ಯತ್ಯಾಸ ಕಾಣಲಿಲ್ಲ, ಬಂಕಿನಿಂದ ಬಂಕಿಗೆ ಕಂಡಿತು. ಇದನ್ನೇ ಅಳೆಯುವ ಎಥನಾಲ್ ಸೆನ್ಸರ್ ಕೂಡ ಸಿಗುತ್ತದೆ, ಫ್ಯೂಯೆಲ್ ಲೈನ್ ಕತ್ತರಿಸಿ ಕೂರಿಸಬೇಕು. ನಮ್ಮ ಇಸಿಯುಗೆ ಅದರ ಮಾತು ಅರ್ಥವಾಗುವುದಿಲ್ಲ, ಬರೀ ಮೀಟರಿನಲ್ಲಿ ನೋಡಬಹುದು ಅಷ್ಟೇ. ಅದಕ್ಕಾಗಿ ಪೆಟ್ರೋಲ್ ಲೈನಿಗೆ ಕೈ ಹಾಕಲು ನನಗೆ ಮನಸ್ಸಾಗಲಿಲ್ಲ.

ತೋಟ ಇದ್ದವರಿಗೆ ಒಂದು ಮಾತು, ಕಾರಿಗೆ ಸಂಬಂಧ ಇಲ್ಲದಿದ್ದರೂ. ಹುಲ್ಲು ತೆಗೆಯುವ ಮೆಷಿನಿಗೆ, ಅಡಿಕೆಗೆ ಮದ್ದು ಬಿಡುವ ಪಂಪಿಗೆ ಅಂತ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡುವ ರೂಢಿ ಬಿಡಿ. ಅರ್ಧ ಖಾಲಿ ಕ್ಯಾನು ಮಳೆಗಾಲದಲ್ಲಿ ನೀರು ಹೀರುತ್ತದೆ, ಸಣ್ಣ ಇಂಜಿನ್ನುಗಳ ಕಾರ್ಬ್ಯುರೇಟರ್ ಅದನ್ನು ತಡೆಯುವುದಿಲ್ಲ.

ಮತ್ತೆ ಮ್ಯಾಪಿಗೆ ಬರೋಣ. ಇ20 ಎಲ್ಲ ಕಡೆ ಬಂದ ಮೇಲೆ ಟ್ಯೂನರ್ ಹೊಸ ಫೈಲ್ ಕೊಡುತ್ತೇನೆ ಅಂದರು, ಟೈಮಿಂಗ್ ಇನ್ನೂ ಮುಂದೆ, ಬೂಸ್ಟ್ ಇನ್ನೂ ಸ್ವಲ್ಪ ಮೇಲೆ. ನಾನು ಕೇಳಿದ್ದು ಬೇರೆ. ಬೂಸ್ಟ್ ಇದ್ದಷ್ಟೇ ಇರಲಿ. ಟೈಮಿಂಗ್ ಮಾತ್ರ, ಒಳ್ಳೆಯ ಇ20 ಇದ್ದಾಗ ಬೇಸಿಗೆಯಲ್ಲೂ ರಿಟಾರ್ಡ್ ಹೆಚ್ಚುಕಮ್ಮಿ ಸೊನ್ನೆ ಬರುವಷ್ಟಕ್ಕೆ ನಿಲ್ಲಲಿ. ಆಗ ಕೆಟ್ಟ ಪೆಟ್ರೋಲ್ ಬಿದ್ದ ದಿನ ಇಸಿಯುಗೆ ಹಿಂದೆ ಸರಿಯಲು ಪೂರ್ತಿ ಜಾಗ ಇರುತ್ತದೆ. ಬೇಸಿಗೆಯ ಒಳ್ಳೆಯ ಪೆಟ್ರೋಲಿನಲ್ಲೇ 3, 4 ಡಿಗ್ರಿ ರಿಟಾರ್ಡ್ ತಿನ್ನುವ ಮ್ಯಾಪ್ ಕೊಟ್ಟು "ಸೆನ್ಸರ್ ನೋಡಿಕೊಳ್ಳುತ್ತದೆ" ಅನ್ನುವ ಟ್ಯೂನರ್ ಸಿಕ್ಕರೆ ಎದ್ದು ಬನ್ನಿ. ನಾಕ್ ಸೆನ್ಸರ್ ಇರುವುದು ಆಪತ್ತಿಗೆ, ದಿನಾ ದುಡಿಸಲು ಅಲ್ಲ.

ಇನ್ನೊಂದು ಬದಲಾವಣೆಯನ್ನೂ ಮಾಡಿಸಿದೆ: 2000 ಆರ್‌ಪಿಎಂ ಕೆಳಗೆ ಟಾರ್ಕ್ ಇಳಿಸಿದ್ದು. ಸಣ್ಣ ಟರ್ಬೊ ಇಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಭಾರ ಹೇರಿದರೆ ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಕಾಯಿಲೆ ಇದೆ. ಅದಕ್ಕೆ ಆಯಿಲ್ ಹನಿಯೂ ಕಾರಣ ಆಗುತ್ತದೆ, ಆದ್ದರಿಂದ ಆಕ್ಟೇನ್ ಎಷ್ಟಿದ್ದರೂ ಪೂರ್ತಿ ರಕ್ಷಣೆ ಇಲ್ಲ. ಪೆರ್ಲ, ಅಡ್ಕಸ್ಥಳ ಕಡೆಯ ಏರುತಗ್ಗಿನಲ್ಲಿ ಐದನೇ ಗೇರಿನಲ್ಲೇ ಎಳೆಸುವ ಅಭ್ಯಾಸ ಇದ್ದವರು ಗೇರ್ ಇಳಿಸಿ. ಆಯಿಲನ್ನು ನಾನು 15,000 ಕಿಲೋಮೀಟರ್ ಕಾಯದೆ 7,500ಕ್ಕೇ ಬದಲಿಸುತ್ತೇನೆ. ಹತ್ತಿರ ಹತ್ತಿರದ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಎಥನಾಲ್ ಮತ್ತು ನೀರಿನ ಅಂಶ ಆಯಿಲಿನಲ್ಲೇ ಉಳಿಯುತ್ತದೆ.

ಮೈಲೇಜ್ ಕಮ್ಮಿಯಾಗಿದೆ, ಅದರಲ್ಲಿ ಅನುಮಾನ ಇಲ್ಲ. ಲೀಟರಿಗೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ. ನೀತಿ ಆಯೋಗದ 2021ರ ವರದಿಯೇ ಇ0ಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ 6ರಿಂದ 7 ಶೇಕಡಾ ಇಳಿಯಬಹುದು ಅಂದಿತ್ತು. ಇ10ರ ಹೋಲಿಕೆಯಲ್ಲಿ ನನಗೆ ಆರಾಮಾಗಿ ಓಡಿಸಿದಾಗ ಅದಕ್ಕಿಂತ ಸ್ವಲ್ಪ ಕಮ್ಮಿ ನಷ್ಟ ಆಗಿದೆ. ಪುತ್ತೂರಿಗೆ ಹೋದಾಗ ಅಲ್ಲೇ ತುಂಬಿಸುತ್ತೇನೆ, ಕೇರಳದ ಸೆಸ್ ಎಲ್ಲ ಸೇರಿ ಇಲ್ಲಿ ಲೀಟರಿಗೆ ಕೆಲವು ರೂಪಾಯಿ ಜಾಸ್ತಿ. ಆದರೆ ಬರೀ ಅಗ್ಗ ಅಂತ ಬಂಕ್ ಆರಿಸುವುದಿಲ್ಲ. ಲಾರಿ, ಬಸ್ಸು, ಕಾರು ಸದಾ ಬರುವ, ಮಾಲು ಬೇಗ ಖಾಲಿಯಾಗುವ ಬಂಕೇ ಬೇಕು. ಪೆಟ್ರೋಲಿನ ಡೆನ್ಸಿಟಿ (ಸಾಂದ್ರತೆ) ತೋರಿಸಿ ಅಂತ ಕೇಳುವ ಹಕ್ಕು ಗಿರಾಕಿಗೆ ಇದೆ, ಕೇಳಿ.

ರಬ್ಬರ್ ಪೈಪು, ಪಂಪು ಇಲ್ಲಿಯವರೆಗೆ ಚೆನ್ನಾಗಿವೆ. ಪ್ರತಿ ಸರ್ವಿಸ್‌ನಲ್ಲೂ ನಿಂತು ನೋಡುತ್ತೇನೆ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಭಾಗಗಳು ಇ20ಗೆ ಹೊಂದುವಂಥವು. ನನ್ನ ಪೋಲೊ ಅದಕ್ಕೂ ಮೊದಲಿನದ್ದು, ಆದ್ದರಿಂದ ಈ ನಿಗಾ ಬಿಡುವ ಹಾಗಿಲ್ಲ.

ರೀಮ್ಯಾಪ್ ಮಾಡಿಸಿದರೆ ಇಂಜಿನ್ ವಾರಂಟಿ ಹೋಗುತ್ತದೆ, ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಕೇರಳದಲ್ಲಿ ಮೋಟಾರು ವಾಹನ ಇಲಾಖೆ ಮಾರ್ಪಾಡಿನ ವಿಷಯದಲ್ಲಿ ಬಿಗಿ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಇದೆಲ್ಲ ಗೊತ್ತಿದ್ದೂ ಮಾಡಿಸುವವರು ಒಂದು ಕೆಲಸ ಮರೆಯಬೇಡಿ: ಮೂಲ ಫೈಲಿನ ಬ್ಯಾಕಪ್ ಟ್ಯೂನರ್ ಹತ್ತಿರ ಕೇಳಿ ಪಡೆದುಕೊಳ್ಳಿ. ಸರ್ವಿಸ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರೆ ಟ್ಯೂನ್ ಅಳಿಸಿಹೋಗುತ್ತದೆ. ಗಾಡಿ ಬಿಡುವಾಗಲೇ ಅಪ್‌ಡೇಟ್ ಬೇಡ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ.