ಇಂಚಿನ ಗುರುತೇ ಇಲ್ಲದ ಐದು ಮೀಟರ್ ಟೇಪು

ಬಾಗಲಕೋಟೆಯ ನವನಗರದಲ್ಲಿ ನಡೆಯುತ್ತಿರುವ ನಮ್ಮ ಮನೆಯ ಕಟ್ಟಡಕ್ಕೆಂದು ಕೊಂಡ 5 ಮೀಟರ್ ಉದ್ದದ ಉಕ್ಕಿನ ಅಳತೆ ಟೇಪಿನ ಕುರಿತು ಈ ಬರಹ. ಪೇಟೆಯಲ್ಲಿ ಸಿಗುವ ಬಹುತೇಕ ಟೇಪುಗಳ ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರ್ ಇರುತ್ತದೆ. ಇದರ ಎರಡೂ ಅಂಚುಗಳಲ್ಲಿ ಮಿಲಿಮೀಟರ್ ಗೆರೆಗಳೇ ಇವೆ. ‘ಇದನ್ನ ಯಾರೂ ಕೇಳೂದಿಲ್ರಿ’ ಎನ್ನುತ್ತಲೇ ಅಂಗಡಿಯವರು ಒಳಗಿನ ಕಪಾಟಿನಿಂದ ತೆಗೆದುಕೊಟ್ಟರು. ಕಟ್ಟಡಕ್ಕೆ ತಂದ ಸಾಮಾನುಗಳಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಉಪಯೋಗಕ್ಕೆ ಬಂದದ್ದು ಮತ್ತೊಂದಿಲ್ಲ.

ಇಂಚು ಬೇಡವೆನ್ನಲು ಕಾರಣ ಸರಳವಾಗಿದೆ. ನಮ್ಮ ಮಾತಿನಲ್ಲಿ ಫೂಟು ಉಳಿದಿದ್ದರೂ ಮನೆಗೆ ಬರುವ ಸಾಮಾನು ಬಹುಪಾಲು ಮಿಲಿಮೀಟರಿನಲ್ಲಿಯೇ ತಯಾರಾಗಿ ಬರುತ್ತದೆ. ಸ್ಟೀಲ್ ರಾಡು 8, 10, 12. ಪ್ಲೈವುಡ್ಡಿನ ದಪ್ಪ 12 ಅಥವಾ 18. ಶೌಚಾಲಯದ ಪೈಪು 110. ಅಂಗಡಿಯಲ್ಲಿ ‘ಎರಡು ಬೈ ಎರಡು’ ಎಂದು ಕರೆಯುವ ಟೈಲ್ಸ್ ಡಬ್ಬಿಯ ಮೇಲೆ ಅಚ್ಚಾಗಿರುವುದು 600 × 600 ಮಿ.ಮೀ. ಎಂದು, ಎರಡು ಫೂಟೆಂದರೆ 609.6 ಮಿ.ಮೀ. ಒಂದು ಬಿಲ್ಲೆಯಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆಯಾದ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಇಪ್ಪತ್ತು ಫೂಟಿನ ಪಡಸಾಲೆಗೆ ಸಾಲಿಗೆ ಹತ್ತು ಬಿಲ್ಲೆ ಎಂದು ಲೆಕ್ಕ ಹಾಕಿದವರಿಗೆ, ನಡುವಿನ ಸಂದುಗಳನ್ನು ಬಿಟ್ಟರೆ, ಗೋಡೆಯ ಬದಿಗೆ 96 ಮಿ.ಮೀ. ಜಾಗ ಬರಿದಾಗಿ ಉಳಿಯುತ್ತದೆ. ಅಲ್ಲಿ ಒಂದು ಸಾಲು ಬಿಲ್ಲೆಗಳನ್ನು ಕತ್ತರಿಸಿ ತೆಳುವಾದ ಪಟ್ಟಿ ಕೂಡಿಸಬೇಕಾಗುತ್ತದೆ. ನಾಲ್ಕು ಬಿಲ್ಲೆಗಳ ಡಬ್ಬಿಯನ್ನು 16 ಚದರ ಫೂಟೆಂದು ಹಿಡಿದು ಹಣ ಕೊಟ್ಟರೆ ಕೈಗೆ ಬರುವುದು ಹದಿನೈದೂವರೆ ಮಾತ್ರ. ಡಬ್ಬಿಯ ಮೇಲಿನ 1.44 ಚದರ ಮೀಟರನ್ನೇ ಓದಿ, ಕೋಣೆಯನ್ನೂ ಮೀಟರಿನಲ್ಲಿಯೇ ಅಳೆದರೆ ಈ ತಕರಾರಿಗೆ ಎಡೆಯೇ ಇರುವುದಿಲ್ಲ.

ಬಡಿಗೇರರ ಕೆಲಸದಲ್ಲಿ ಇದರ ಲಾಭ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೂರು ಫೂಟು ಏಳು ಇಂಚು ಐದು ಸೂತ ಅಗಲದ ಕಿಟಕಿಯನ್ನು ಸಮನಾದ ಮೂರು ಪಾಲು ಮಾಡಬೇಕೆಂದರೆ, ಒಂದು ಸೂತ ಇಂಚಿನ ಎಂಟನೆಯ ಪಾಲಾಗಿರುವುದರಿಂದ, ಫೂಟನ್ನು ಹನ್ನೆರಡರಿಂದ, ಇಂಚನ್ನು ಎಂಟರಿಂದ ಗುಣಿಸಿ, ಕೂಡಿಸಿ, ಭಾಗಿಸಿ, ಬಂದ ಉತ್ತರವನ್ನು ಮತ್ತೆ ಇಂಚು ಸೂತಗಳಿಗೆ ಒಡೆಯಬೇಕು. ಅದೇ ಕಿಟಕಿ ಈ ಟೇಪಿನಲ್ಲಿ 1108. ಮೂರರಿಂದ ಭಾಗಿಸಿದರೆ 369, ಮೇಲೊಂದಿಷ್ಟು. ಗೌಂಡಿಯವರು ಮೊದಲು ‘ಸರ, ಇದರಾಗ ಫೂಟ ಎಲ್ಲೈತ್ರಿ?’ ಎಂದು ಟೇಪನ್ನು ತಿರುಗಿಸಿ ನೋಡಿದರಾದರೂ, ಗೋಡೆಗಳ ಅಳತೆಯನ್ನು ಬರಿಯ ಒಂದೊಂದು ಸಂಖ್ಯೆಯಾಗಿ ಬರೆದುಕೊಳ್ಳಬಹುದೆಂದು ಕಂಡ ಮೇಲೆ ತಾವಾಗಿಯೇ ಇದನ್ನು ಕೇಳಿ ಪಡೆಯತೊಡಗಿದರು. ರಾಡಿನ ತೂಕಕ್ಕೆ ಅವರಲ್ಲಿ ಮೊದಲಿನಿಂದಲೂ ರೂಢಿಯಲ್ಲಿರುವ ಸೂತ್ರ ಮೆಟ್ರಿಕ್‌ನದೇ: ಮಿಲಿಮೀಟರಿನಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿ.ಮೀ. ದಪ್ಪದ, 12 ಮೀಟರ್ ಉದ್ದದ ರಾಡು ಸುಮಾರು 10.67 ಕಿಲೋ ಇರಬೇಕು. ಲಾರಿಯಿಂದ ಇಳಿಸುವಾಗ ಇದನ್ನು ತೂಗಿ ನೋಡುವುದು ಒಳ್ಳೆಯದು. ನೆಲದೊಳಗಿನ ನೀರಿನ ತೊಟ್ಟಿಯದೂ ಹಾಗೆಯೇ. ಒಳ ಅಳತೆ 2 ಮೀಟರ್, 1.5 ಮೀಟರ್, ಆಳ 1.5 ಮೀಟರ್ ಇದ್ದರೆ 4.5 ಘನ ಮೀಟರ್, ಎಂದರೆ 4500 ಲೀಟರ್. ಫೂಟಿನಲ್ಲಿ ಅಳೆದವರು ಘನ ಫೂಟನ್ನು 28.3ರಿಂದ ಗುಣಿಸುತ್ತ ಕೂರಬೇಕು.

ಕಾನೂನಿನ ಪ್ರಕಾರ ಮೆಟ್ರಿಕ್ ಅಳತೆಯನ್ನೇ ಬಳಸಬೇಕೆಂಬ ವಿಷಯ 1956ರ ತೂಕ ಮತ್ತು ಅಳತೆಗಳ ಕಾಯ್ದೆಯಲ್ಲಿಯೇ ತೀರ್ಮಾನವಾಗಿದೆ, 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯೂ ಅದನ್ನೇ ಹೇಳುತ್ತದೆ. ಸೇರು ಹೋಗಿ ಕಿಲೋ ಬಂದದ್ದನ್ನು ನಾವು ಮರೆತೇಬಿಟ್ಟಿದ್ದೇವೆ; ನಿವೇಶನದಲ್ಲಿ ಮತ್ತು ಉಸುಕನ್ನು ನೂರು ಘನ ಫೂಟಿನ ಲೆಕ್ಕದಲ್ಲಿ ಅಳೆಯುವ ಬ್ರಾಸಿನಲ್ಲಿ ಮಾತ್ರ ಫೂಟನ್ನು ಬಿಡಲೊಲ್ಲೆವು. ನಮ್ಮ ಆಲಮಟ್ಟಿ ಅಣೆಕಟ್ಟಿನ ಲೆಕ್ಕವೇ ಈ ಅರೆಮನಸ್ಸಿಗೆ ಸಾಕ್ಷಿಯಾಗಿದೆ. ತುಂಬಿದಾಗಿನ ನೀರಿನ ಮಟ್ಟ 519.60 ಮೀಟರ್, ಸಂಗ್ರಹ ಮಾತ್ರ ಟಿಎಂಸಿಯಲ್ಲಿ, ಎಂದರೆ ಶತಕೋಟಿ ಘನ ಫೂಟುಗಳಲ್ಲಿ. ಈ ಮಟ್ಟವನ್ನು ಏರಿಸುವ ವಿವಾದದಲ್ಲಿರುವ 524.256 ಮೀಟರ್ ಎಂಬ ವಿಚಿತ್ರ ಸಂಖ್ಯೆಯೂ ನೇರವಾಗಿ 1720 ಫೂಟೇ ಆಗಿದೆ.

ಇನ್ನು ಟೇಪಿನ ಗುಣಮಟ್ಟ. ಅದರ ಮೇಲೆ ನಿಖರತೆಯ ಎರಡನೆಯ ವರ್ಗದ ಗುರುತಿದೆ. ಈ ವರ್ಗದಲ್ಲಿ 5 ಮೀಟರಿಗೆ 1.3 ಮಿ.ಮೀ. ಹೆಚ್ಚುಕಡಿಮೆ ಸಹ್ಯ. ತುದಿಯ ಕೊಂಡಿ ತುಸು ಅಲುಗಾಡುತ್ತದೆ. ಇದು ದೋಷವಲ್ಲ: ಹೊರಗಿನಿಂದ ಎಳೆದು ಅಳೆದರೂ ಒಳಗೆ ಒತ್ತಿ ಅಳೆದರೂ ಸೊನ್ನೆ ಸರಿಯಾಗಿ ಕೂಡಲೆಂದು ಕೊಂಡಿಯನ್ನು ಅದರ ದಪ್ಪದಷ್ಟೇ ಸಡಿಲ ಬಿಟ್ಟಿರುತ್ತಾರೆ. ಅದನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಲು ಯಾರಿಗೂ ಬಿಡಬಾರದು. ನಿಜವಾದ ದೋಷಗಳು ಬೇರೆ ಇವೆ. ಸಿಮೆಂಟಿನ ಧೂಳಿಗೆ ಮೊದಲ ಅರ್ಧ ಮೀಟರಿನ ಗೆರೆಗಳು ಆಗಲೇ ಮಸುಕಾಗಿವೆ, ಎಳೆದ ಟೇಪನ್ನು ಅಲ್ಲಿಯೇ ನಿಲ್ಲಿಸುವ ತಡೆಗುಂಡಿ ಸರಿಯಾಗಿ ಹಿಡಿಯುವುದಿಲ್ಲ. ಬ್ರಾಸಿನಲ್ಲಿ ಬರುವ ಉಸುಕು, ಖಡಿಗಳ ಲಾರಿಯನ್ನು ಅಳೆಯುವವರು ಒಂದು ಬ್ರಾಸೆಂದರೆ 100 ಘನ ಫೂಟು, ಎಂದರೆ 2.83 ಘನ ಮೀಟರ್ ಎಂಬುದನ್ನು ಟೇಪಿನ ಡಬ್ಬಿಯ ಮೇಲೆಯೇ ಬರೆದಿಟ್ಟುಕೊಂಡರೆ ಸಾಕು.